ಓದದೆ ಹಾಕಿದ ಒಂದು ಸಹಿ

ಸರ್ಕಾರಿ ಸೇವೆಯಲ್ಲಿ ಮೂವತ್ತನಾಲ್ಕು ವರ್ಷ ಕಡತಗಳ ನಡುವೆ ಕಳೆದವನು ನಾನು. ಓದದೆ ಯಾವ ಕಾಗದಕ್ಕೂ ಸಹಿ ಹಾಕಬಾರದೆಂಬುದು ಸೇವೆಗೆ ಸೇರಿದ ಮೊದಲ ವಾರದಲ್ಲೇ ಹಿರಿಯ ಅಧಿಕಾರಿಯೊಬ್ಬರು ಕಲಿಸಿದ ಪಾಠ. ಟಿಪ್ಪಣಿ ಹಾಳೆಯ ಅಂಚಿನಲ್ಲಿದ್ದ ಪೆನ್ಸಿಲ್ ಗುರುತನ್ನೂ ಬಿಡದೆ ಓದಿದ ಮೇಲೆಯೇ ಸಹಿ ಮಾಡುತ್ತಿದ್ದೆ. ಆ ನಿಯಮವನ್ನು ಮುರಿದದ್ದು ಒಮ್ಮೆ ಮಾತ್ರ, ಅದೂ ನಿವೃತ್ತನಾದ ಮರುವರ್ಷ.

2018ರ ಜೂನ್ ತಿಂಗಳು. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನನ್ನ ಅಣ್ಣನಿಗೆ ಕಿಮೊಥೆರಪಿ ಆರಂಭಿಸುವ ಮುನ್ನ ಒಪ್ಪಿಗೆ ಪತ್ರವನ್ನು ಮುಂದಿಟ್ಟರು. ಅಣ್ಣನ ಸಹಿಯ ಕೆಳಗೆ ಹತ್ತಿರದ ಸಂಬಂಧಿಯಾಗಿ ನಾನೂ ಸಹಿ ಹಾಕಿದೆ. ‘ಚಿಕಿತ್ಸೆಯ ಉದ್ದೇಶ’ ಎಂಬ ಅಂಕಣದ ಮುಂದೆ ಒಂದೇ ಒಂದು ಪದವಿತ್ತು: ‘ಪ್ಯಾಲಿಯೇಟಿವ್’. ಅಂದರೆ ಉಪಶಮನ. ಗುಣಪಡಿಸುವುದಕ್ಕಲ್ಲ, ಕಾಯಿಲೆಯ ಬಾಧೆಯನ್ನು ತಗ್ಗಿಸಿ, ಸಾಧ್ಯವಾದರೆ ಕೆಲವು ತಿಂಗಳ ಆಯುಸ್ಸನ್ನು ಕೂಡಿಸುವುದಕ್ಕೆ. ಆ ಪದ ನನ್ನ ಕಣ್ಣಿಗೆ ಬಿದ್ದಿರಲೇಬೇಕು, ಮನಸ್ಸಿಗೆ ಇಳಿಯಲಿಲ್ಲ. ಆ ಯುವ ವೈದ್ಯರು ಹೇಳಲು ಪ್ರಯತ್ನಿಸಲಿಲ್ಲವೆಂದಲ್ಲ. ‘ಇದು ಕಾಯಿಲೆಯನ್ನು ಹಿಡಿತದಲ್ಲಿಡುವ ಚಿಕಿತ್ಸೆ ಸಾರ್...’ ಎಂದು ಆರಂಭಿಸಿದ್ದರು. ‘ಏನು ಬೇಕಾದರೂ ಮಾಡಿ ಡಾಕ್ಟ್ರೇ, ಹಣದ ಯೋಚನೆ ಬೇಡ’ ಎಂದು ನಾನೇ ಅವರ ಮಾತನ್ನು ಅಲ್ಲಿಗೆ ನಿಲ್ಲಿಸಿದೆ.

ಬಾಯಿ, ನಾಲಿಗೆ, ಗಂಟಲು, ಧ್ವನಿಪೆಟ್ಟಿಗೆ ಮುಂತಾದ ಭಾಗಗಳಲ್ಲಿ ಹುಟ್ಟುವ ಕ್ಯಾನ್ಸರ್‌ಗಳನ್ನು ವೈದ್ಯರು ಒಟ್ಟಾಗಿ ತಲೆ ಮತ್ತು ಕತ್ತಿನ ಕ್ಯಾನ್ಸರ್ ಎನ್ನುತ್ತಾರೆ. ಭಾರತದ ಪುರುಷರನ್ನು ಅತಿ ಹೆಚ್ಚು ಕಾಡುವ ಕ್ಯಾನ್ಸರ್‌ಗಳ ಸಾಲಿನಲ್ಲಿ ಬಾಯಿಯ ಕ್ಯಾನ್ಸರ್ ಮುಂಚೂಣಿಯಲ್ಲಿದೆ. ಕಾರಣ ಗುಟ್ಟಿನದೇನಲ್ಲ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 21.4ರಷ್ಟು ಮಂದಿ ಜಗಿಯುವ ಅಥವಾ ಇತರ ಹೊಗೆರಹಿತ ತಂಬಾಕನ್ನು ಬಳಸುತ್ತಿದ್ದರು. ಹೊಗೆಸೊಪ್ಪಷ್ಟೇ ಅಪಾಯವೆಂದು ನಂಬಿದ್ದವರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ವರದಿ ಬೇರೆಯದನ್ನೇ ಹೇಳಿತು. ತಂಬಾಕಿಲ್ಲದ ಎಲೆಅಡಿಕೆಯೂ, ಬರಿಯ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುತ್ತವೆ ಎಂಬುದು ಅದರ ತೀರ್ಮಾನ. ನಮ್ಮಲ್ಲಿ ಈ ರೋಗಿಗಳ ಪೈಕಿ ಹೆಚ್ಚಿನವರು ಆಸ್ಪತ್ರೆಯ ಮೆಟ್ಟಿಲು ಹತ್ತುವುದು ಕಾಯಿಲೆ ಮೂರನೆಯ ಅಥವಾ ನಾಲ್ಕನೆಯ ಹಂತ ತಲುಪಿದ ಮೇಲೆ.

ಈ ವಿಷಯವನ್ನು ದೂರ ನಿಂತು ಬರೆಯಲು ನನಗೆ ಸಾಧ್ಯವಿಲ್ಲ. ಸಾಗರದ ಕಡೆಯ ಅಡಿಕೆ ಬೆಳೆಗಾರರ ಮನೆತನ ನಮ್ಮದು. ಮಾನಸಗಂಗೋತ್ರಿಯಲ್ಲಿ ನಾನು ಅರ್ಥಶಾಸ್ತ್ರದ ಎಂ.ಎ. ಓದಿದ್ದು ಅಡಿಕೆ ಮಾರಿದ ಹಣದಲ್ಲಿ. ತೋಟ ನೋಡಿಕೊಳ್ಳಲೆಂದು ಅಣ್ಣ ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದ್ದರಿಂದ ನನಗೆ ಓದಲು ಸಾಧ್ಯವಾಯಿತು. ಊಟವಾದ ಮೇಲೆ ಒಂದು, ಕೆಲಸದ ನಡುವೆ ಒಂದು, ಮಾತಿಗೆ ಕುಳಿತಾಗ ಒಂದು ಎಂದು ನಲವತ್ತು ವರ್ಷ ಕವಳ ಹಾಕಿದವರು ಅವರು. ಕೆನ್ನೆಯ ಒಳಗಿನ ಹುಣ್ಣು ಮಾಯದೆ, ಬಾಯಿ ಪೂರ್ತಿ ತೆರೆಯಲಾಗದೆ ಹೋದದ್ದು 2017ರಲ್ಲಿ. ಶಸ್ತ್ರಚಿಕಿತ್ಸೆಯಾಯಿತು, ದವಡೆಯ ಒಂದು ಭಾಗ ಹೋಯಿತು, ವಿಕಿರಣ ಚಿಕಿತ್ಸೆಯೂ ಮುಗಿಯಿತು. ವರ್ಷ ತುಂಬುವ ಮೊದಲೇ ಕತ್ತಿನಲ್ಲಿ ಗೆಡ್ಡೆ ಮರಳಿತು; ಸ್ಕ್ಯಾನ್ ಮಾಡಿದಾಗ ಶ್ವಾಸಕೋಶದಲ್ಲೂ ಚುಕ್ಕೆಗಳು ಕಂಡವು.

<b>ಒಂದೇ ಔಷಧ, ಎರಡು ಉದ್ದೇಶ</b>

ಈ ಕಾಯಿಲೆಯಲ್ಲಿ ಕಿಮೊಥೆರಪಿಗೆ ಎರಡು ಬೇರೆ ಬೇರೆ ಪಾತ್ರಗಳಿವೆ. ಸಾಮಾನ್ಯ ಜನರಾದ ನಾವು ಎಡವುವುದೇ ಇಲ್ಲಿ. ಕಾಯಿಲೆ ಬಲಿತಿದ್ದರೂ ಬಾಯಿ, ಕತ್ತಿನ ಆಚೆಗೆ ಹರಡದಿದ್ದಾಗ ವಿಕಿರಣದ ಜೊತೆಯಲ್ಲಿ ಸಿಸ್ಪ್ಲಾಟಿನ್ ಎಂಬ ಔಷಧವನ್ನು ಕೊಡುತ್ತಾರೆ. ಅಲ್ಲಿ ಗುರಿ ಕಾಯಿಲೆಯನ್ನು ಗುಣಪಡಿಸುವುದು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2009ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ವಿಕಿರಣದೊಂದಿಗೆ ಕಿಮೊಥೆರಪಿ ಕೊಟ್ಟಾಗ ಐದು ವರ್ಷ ಬದುಕುಳಿಯುವವರ ಪ್ರಮಾಣ 6.5 ಶೇಕಡಾಂಶದಷ್ಟು ಹೆಚ್ಚುತ್ತದೆ. ನೂರು ಮಂದಿಯಲ್ಲಿ ಆರೇಳು ಜೀವಗಳು ಉಳಿಯುವುದೆಂದರೆ ಸಣ್ಣ ಮಾತಲ್ಲ. ಕಿವಿ ಅಥವಾ ಮೂತ್ರಪಿಂಡ ದುರ್ಬಲವಾಗಿದ್ದು ಸಿಸ್ಪ್ಲಾಟಿನ್ ತಾಳಲಾರದವರಿಗೂ ದಾರಿಯಿದೆ. ಅಂಥವರಿಗೆ ವಿಕಿರಣದೊಂದಿಗೆ ಡೋಸಿಟ್ಯಾಕ್ಸೆಲ್ ಕೊಟ್ಟು ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಎರಡು ವರ್ಷದ ಕೊನೆಗೆ ಬದುಕಿದ್ದವರ ಪ್ರಮಾಣ ಶೇ 41.7ರಿಂದ ಶೇ 50.8ಕ್ಕೆ ಏರಿತ್ತು. ಇಂಥ ಸಂದರ್ಭದಲ್ಲಿ ವಾಂತಿ, ಬಾಯಿಹುಣ್ಣು, ನಿಶ್ಶಕ್ತಿಗಳನ್ನು ಸಹಿಸಿಕೊಂಡು ಚಿಕಿತ್ಸೆಯನ್ನು ಪೂರ್ತಿಗೊಳಿಸುವುದೇ ವಿವೇಕ. ಕಿಮೊಥೆರಪಿಯ ಹೆಸರಿಗೇ ಹೆದರಿ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ನಾಟಿ ಮದ್ದಿನ ಹಿಂದೆ ಹೋಗುವವರು ಉಳಿಯಬಹುದಾದ ಜೀವವನ್ನು ಕಳೆದುಕೊಳ್ಳುತ್ತಾರೆ.

ಆದರೆ ಶಸ್ತ್ರಚಿಕಿತ್ಸೆ ಮತ್ತು ವಿಕಿರಣದ ನಂತರವೂ ಕಾಯಿಲೆ ಮರಳಿ, ಮತ್ತೆ ಶಸ್ತ್ರಚಿಕಿತ್ಸೆಗೆ ಅವಕಾಶವಿಲ್ಲದಾಗ ಅಥವಾ ಶ್ವಾಸಕೋಶದಂಥ ಅಂಗಗಳಿಗೆ ಹರಡಿದಾಗ, ಅದೇ ಸಿಸ್ಪ್ಲಾಟಿನ್‌ನ ಉದ್ದೇಶ ಬದಲಾಗುತ್ತದೆ. ವಾರ್ಡು ಅದೇ, ಬಾಟಲಿ ಅದೇ, ದಾದಿಯರೂ ಅವರೇ. ರೋಗಿಯ ಕಡೆಯವರಿಗೆ ಹೊರಗಿನಿಂದ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ಪಕ್ಕದ ಹಾಸಿಗೆಯಲ್ಲಿದ್ದ ಯುವಕ ಗುಣವಾಗಲೆಂದು ಚಿಕಿತ್ಸೆ ಪಡೆಯುತ್ತಿದ್ದ. ನಮ್ಮ ಅಣ್ಣನೂ ಅದಕ್ಕಾಗಿಯೇ ಬಂದಿದ್ದಾರೆಂದು ನಾವೆಲ್ಲ ಭಾವಿಸಿದೆವು.

<b>ಮಧ್ಯಾಂಕದ ಪಾಠ</b>

ಎರಡನೆಯ ಸಂದರ್ಭದಲ್ಲಿ ಔಷಧಗಳಿಂದ ಸಿಗುವ ಲಾಭವನ್ನು ತಿಂಗಳುಗಳಲ್ಲಿ ಅಳೆಯಲಾಗುತ್ತದೆ. ಯುರೋಪಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದರಲ್ಲಿ ಸಿಸ್ಪ್ಲಾಟಿನ್ ಗುಂಪಿನ ಔಷಧಗಳ ಕಿಮೊಥೆರಪಿಯನ್ನಷ್ಟೇ ಪಡೆದವರ ಆಯುಸ್ಸಿನ ಮಧ್ಯಾಂಕ 7.4 ತಿಂಗಳಾಗಿತ್ತು, ಸೆಟುಕ್ಸಿಮ್ಯಾಬ್ ಎಂಬ ದುಬಾರಿ ಔಷಧವನ್ನು ಸೇರಿಸಿದಾಗ ಅದು 10.1 ತಿಂಗಳಾಯಿತು. ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಎಬ್ಬಿಸುವ ನಿವೊಲುಮ್ಯಾಬ್ ಕುರಿತ ಅಧ್ಯಯನ 2016ರಲ್ಲಿ ಬಂದಿತು. ಸಿಸ್ಪ್ಲಾಟಿನ್ ಮಾದರಿಯ ಔಷಧಕ್ಕೆ ಬಗ್ಗದ ಕಾಯಿಲೆಯಲ್ಲಿ ಅದು ಮಧ್ಯಾಂಕವನ್ನು 5.1ರಿಂದ 7.5 ತಿಂಗಳಿಗೆ ಏರಿಸಿತು.

ಮಧ್ಯಾಂಕವೆಂದರೆ ಸರಾಸರಿಯಲ್ಲ. ರೋಗಿಗಳನ್ನು ಆಯುಸ್ಸಿನ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವವರ ಲೆಕ್ಕ ಅದು. ಅರ್ಧದಷ್ಟು ಜನ ಅದಕ್ಕಿಂತ ಮೊದಲೇ ತೀರಿಕೊಳ್ಳುತ್ತಾರೆ, ಇನ್ನರ್ಧ ಅದನ್ನು ದಾಟುತ್ತಾರೆ. ಕೆಲವರು ಬಹುದೂರ ದಾಟುತ್ತಾರೆ. ಅದೇ 2016ರ ಅಧ್ಯಯನದಲ್ಲಿ ವರ್ಷದ ಕೊನೆಗೆ ಬದುಕಿದ್ದವರು ಹಳೆಯ ಔಷಧದ ಗುಂಪಿನಲ್ಲಿ ಶೇ 16.6 ಇದ್ದರೆ ಹೊಸ ಔಷಧದ ಗುಂಪಿನಲ್ಲಿ ಶೇ 36 ಇದ್ದರು. ಹೀಗಾಗಿ ‘ಎರಡು ತಿಂಗಳಿಗಾಗಿ ಇಷ್ಟು ಖರ್ಚೇ’ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದೂ ತಪ್ಪು, ‘ಹೊಸ ಔಷಧ ಬಂದಿದೆ, ಇನ್ನು ಭಯವಿಲ್ಲ’ ಎನ್ನುವುದೂ ತಪ್ಪು. ತರಗತಿಯಲ್ಲಿ ಮಧ್ಯಾಂಕವನ್ನು ಕಲಿತು, ಕಡತಗಳಲ್ಲಿ ಜೀವನಪರ್ಯಂತ ಬಳಸಿದ ನಾನು ಅಣ್ಣನ ವಿಷಯದಲ್ಲಿ ಮಾತ್ರ ಅದನ್ನು ಕೇಳುವ ಧೈರ್ಯ ಮಾಡಲಿಲ್ಲ.

ಆರು ಸುತ್ತು ಕಿಮೊಥೆರಪಿ ನಡೆಯಿತು. ಇಪ್ಪತ್ತೊಂದು ದಿನಗಳಿಗೊಮ್ಮೆ ಐದು ದಿನ ಆಸ್ಪತ್ರೆವಾಸ. ಎರಡನೆಯ ಸುತ್ತಿನ ನಂತರ ಕತ್ತಿನ ಗೆಡ್ಡೆ ಕುಗ್ಗಿತು, ನೋವು ತಗ್ಗಿತು, ಗಂಜಿ ನುಂಗಲು ಸಾಧ್ಯವಾಯಿತು. ಆ ಎರಡು ತಿಂಗಳ ನೆಮ್ಮದಿಯನ್ನು ಕೊಟ್ಟದ್ದು ಔಷಧವೇ. ಅದನ್ನು ಮರೆಮಾಚಿದರೆ ಕೃತಘ್ನತೆಯಾದೀತು. ಆನಂತರ ಸಿಸ್ಪ್ಲಾಟಿನ್ ತನ್ನ ಬೆಲೆಯನ್ನು ವಸೂಲು ಮಾಡಿತು. ಈ ಔಷಧ ಮೊದಲು ಕಸಿದುಕೊಳ್ಳುವುದು ತೆಳುವಾದ, ಎತ್ತರದ ಸ್ವರಗಳನ್ನು ಕೇಳುವ ಶಕ್ತಿಯನ್ನು. ಮಾತನಾಡಲು ಮೊದಲೇ ಕಷ್ಟವಾಗಿದ್ದ ಅಣ್ಣನಿಗೆ ಮೊಮ್ಮಗಳ ಮಾತು ಕೇಳಿಸದಾಯಿತು. ಎರಡು ಬಾರಿ ಬಿಳಿ ರಕ್ತಕಣಗಳು ಕುಸಿದು ಸೋಂಕು ತಗಲಿತು. ಮೂಗಿನ ಮೂಲಕ ನಳಿಕೆ ಹಾಕಿ ಆಹಾರ ಕೊಡಬೇಕಾಯಿತು.

ಅವರು ತೀರಿಕೊಂಡದ್ದು 2019ರ ಮಾರ್ಚ್‌ನಲ್ಲಿ. ತಿಥಿಯೆಲ್ಲ ಮುಗಿದ ಮೇಲೊಂದು ದಿನ ಆಸ್ಪತ್ರೆಯ ಚೀಟಿಗಳನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕಿದೆ. ಒಂಬತ್ತು ತಿಂಗಳಲ್ಲಿ ನಲವತ್ತೆರಡು ದಿನ ಆಸ್ಪತ್ರೆಯ ಹಾಸಿಗೆ. ಉಳಿದ ದಿನಗಳಲ್ಲಿ ಬಹುಪಾಲು ಮುಂದಿನ ಸುತ್ತಿಗಾಗಿ ಕಾಯುತ್ತ ಬೆಂಗಳೂರಿನ ನನ್ನ ಮನೆಯ ಮಹಡಿ ಕೋಣೆಯಲ್ಲಿ. ಹುಟ್ಟಿದ ಊರಿನಲ್ಲಿ, ತಮ್ಮ ತೋಟದ ಎದುರು ಅವರು ಕಳೆದದ್ದು ಕೊನೆಯ ಮೂವತ್ತೆಂಟು ದಿನ ಮಾತ್ರ. ಆ ಔಷಧವಿಲ್ಲದಿದ್ದರೆ ಎಷ್ಟು ದಿನ ಬದುಕಿರುತ್ತಿದ್ದರೆಂದು ಯಾವ ವೈದ್ಯರೂ ಹೇಳಲಾರರು. ಆದರೆ ಆ ದಿನಗಳನ್ನು ಎಲ್ಲಿ ಕಳೆಯಲು ಇಷ್ಟಪಡುತ್ತೀರೆಂದು ಅವರನ್ನು ಕೇಳಬಹುದಿತ್ತು. ನಾವು ಕೇಳಲಿಲ್ಲ.

<b>ಡ್ರಿಪ್ಪಿಗಿಂತ ಮಾತ್ರೆ ಮೇಲೆನಿಸಿದಾಗ</b>

ಅಣ್ಣ ಹೋದ ಮರುವರ್ಷ, 2020ರಲ್ಲಿ, ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರ ಮತ್ತೊಂದು ಅಧ್ಯಯನ ಪ್ರಕಟವಾಯಿತು. ಅಣ್ಣನಂತೆ ಉಪಶಮನ ಚಿಕಿತ್ಸೆಯ ಹಂತ ತಲುಪಿದ್ದ 422 ರೋಗಿಗಳನ್ನು ಎರಡು ಗುಂಪು ಮಾಡಲಾಗಿತ್ತು. ಒಂದು ಗುಂಪಿಗೆ ಮೂರು ವಾರಗಳಿಗೊಮ್ಮೆ ಸಿಸ್ಪ್ಲಾಟಿನ್ ಡ್ರಿಪ್. ಇನ್ನೊಂದು ಗುಂಪಿಗೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಮಾತ್ರೆ, ಜೊತೆಗೆ ದಿನಕ್ಕೆರಡು ಬಾರಿ ಸೆಲೆಕಾಕ್ಸಿಬ್ ಎಂಬ ಸಾಮಾನ್ಯ ನೋವುನಿವಾರಕ. ಮನೆಯಲ್ಲಿದ್ದು ನುಂಗುವ ಈ ಅಗ್ಗದ ಮಾತ್ರೆಗಳು ಸೋಲುತ್ತವೆಂದು ಯಾರಾದರೂ ಊಹಿಸಿಯಾರು. ಫಲಿತಾಂಶ ಬೇರೆಯಾಗಿತ್ತು. ಡ್ರಿಪ್ ಪಡೆದವರ ಆಯುಸ್ಸಿನ ಮಧ್ಯಾಂಕ 6.1 ತಿಂಗಳು, ಮಾತ್ರೆ ನುಂಗಿದವರದು 7.5 ತಿಂಗಳು. ತೀವ್ರ ಅಡ್ಡಪರಿಣಾಮಗಳು ಡ್ರಿಪ್ ಗುಂಪಿನಲ್ಲಿ ಶೇ 30ರಷ್ಟು ಮಂದಿಯಲ್ಲಿ ಕಂಡರೆ ಮಾತ್ರೆಯ ಗುಂಪಿನಲ್ಲಿ ಶೇ 19ರಷ್ಟು ಮಂದಿಯಲ್ಲಿ ಕಂಡವು.

ಸಣ್ಣ ಪ್ರಮಾಣದ ಔಷಧವನ್ನು ಬಿಡುವಿಲ್ಲದೆ ಕೊಡುವ ಈ ಪದ್ಧತಿಗೆ ‘ಮೆಟ್ರೊನಾಮಿಕ್’ ಕಿಮೊಥೆರಪಿ ಎಂದು ಹೆಸರು. ಗೆಡ್ಡೆಯನ್ನು ಒಮ್ಮೆಲೇ ಬಡಿದುಹಾಕುವ ಬದಲು ಅದಕ್ಕೆ ರಕ್ತ ಒದಗಿಸುವ ಹೊಸ ನಾಳಗಳು ಬೆಳೆಯದಂತೆ ತಡೆಯುವುದು ಇದರ ಹಿಂದಿನ ಮುಖ್ಯ ತರ್ಕ. ಇಲ್ಲಿ ಬಳಸುವ ಮೆಥೊಟ್ರೆಕ್ಸೇಟ್‌ಗೆ ಏಳು ದಶಕಗಳಿಗೂ ಮೀರಿದ ಚರಿತ್ರೆಯಿದೆ. ಆಂಧ್ರದ ಭೀಮಾವರಂನಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದು 1948ರಲ್ಲಿ ತೀರಿಕೊಂಡ ಯೆಲ್ಲಾಪ್ರಗಡ ಸುಬ್ಬರಾವ್ ಅವರ ತಂಡದ ಸಂಶೋಧನೆಯಿಂದಲೇ ಈ ಬಗೆಯ ಔಷಧಗಳು ಹುಟ್ಟಿದವು. ಇಲ್ಲೊಂದು ಎಚ್ಚರಿಕೆ ಅಗತ್ಯ. ವಾರಕ್ಕೊಮ್ಮೆ ನುಂಗಬೇಕಾದ ಮೆಥೊಟ್ರೆಕ್ಸೇಟನ್ನು ತಪ್ಪಿ ದಿನವೂ ನುಂಗಿದರೆ ಪ್ರಾಣಕ್ಕೇ ಅಪಾಯ. ವೈದ್ಯರ ನಿಗಾ ಇಲ್ಲದೆ ಯಾರೂ ಇದಕ್ಕೆ ಕೈಹಾಕಕೂಡದು.

2023ರಲ್ಲಿ ಇದೇ ಆಸ್ಪತ್ರೆಯಿಂದ ಇನ್ನೂ ಮುಂದಿನ ಹೆಜ್ಜೆ ಬಂದಿತು. ಮೂರು ಮಾತ್ರೆಗಳ ಚಿಕಿತ್ಸೆಯೊಂದಿಗೆ ಮೂರು ವಾರಗಳಿಗೊಮ್ಮೆ ಬರಿಯ 20 ಮಿಲಿಗ್ರಾಂ ನಿವೊಲುಮ್ಯಾಬ್ ಕೊಡಲಾಯಿತು. ಈ ಔಷಧದ ರೂಢಿಯ ಪ್ರಮಾಣ ಎರಡು ವಾರಗಳಿಗೊಮ್ಮೆ 240 ಮಿಲಿಗ್ರಾಂ. 151 ರೋಗಿಗಳ ಈ ಅಧ್ಯಯನದಲ್ಲಿ ವರ್ಷದ ಕೊನೆಗೆ ಬದುಕಿದ್ದವರು ಮಾತ್ರೆಗಳನ್ನಷ್ಟೇ ಪಡೆದವರಲ್ಲಿ ಶೇ 16.3, ಕಿರುಪ್ರಮಾಣದ ನಿವೊಲುಮ್ಯಾಬ್ ಸೇರಿಸಿದವರಲ್ಲಿ ಶೇ 43.4. ರೂಢಿಯ ಪೂರ್ಣ ಪ್ರಮಾಣದೊಡನೆ ನೇರ ಹೋಲಿಕೆ ಈ ಅಧ್ಯಯನದಲ್ಲಿ ಇರಲಿಲ್ಲವೆಂಬ ಮಿತಿಯನ್ನು ಗಮನಿಸಬೇಕು. ಆದರೆ ಪೂರ್ಣ ಪ್ರಮಾಣವನ್ನು ಕೊಳ್ಳುವ ಶಕ್ತಿಯೇ ಇಲ್ಲದ ಬಹುಸಂಖ್ಯಾತ ರೋಗಿಗಳ ಮುಂದಿರುವ ಆಯ್ಕೆ ಪೂರ್ಣವೋ ಕಿರಿದೋ ಎಂಬುದಲ್ಲ. ಕಿರಿದೋ ಏನೂ ಇಲ್ಲವೋ ಎಂಬುದು.

<b>ಯಾರು ನಡೆಸಬೇಕು ಇಂಥ ಅಧ್ಯಯನ?</b>

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಮುಖ್ಯವೆನಿಸುವುದು ಇನ್ನೊಂದು ಸಂಗತಿ. ಪೇಟೆಂಟ್ ಮುಗಿದ ಮಾತ್ರೆಯೊಂದು ಡ್ರಿಪ್ಪಿಗಿಂತ ಒಳ್ಳೆಯದೆಂದು ಸಾಬೀತುಪಡಿಸಿದರೆ ಲಾಭ ಪಡೆಯುವ ಕಂಪನಿ ಯಾವುದೂ ಇಲ್ಲ. ತನ್ನ ಔಷಧದ ಹನ್ನೆರಡನೆಯ ಒಂದು ಭಾಗ ಸಾಕಾದೀತೇ ಎಂದು ಪರೀಕ್ಷಿಸಲು ಯಾವ ಉತ್ಪಾದಕನೂ ಹಣ ಹಾಕುವುದಿಲ್ಲ. ಇದರಲ್ಲಿ ದುರುದ್ದೇಶವನ್ನು ಹುಡುಕಬೇಕಿಲ್ಲ. ಮಾರುಕಟ್ಟೆಯ ಸ್ವಭಾವವೇ ಅದು. ಹೀಗಾಗಿ ಇಂಥ ಪ್ರಶ್ನೆಗಳನ್ನು ಸಾರ್ವಜನಿಕ ಸಂಸ್ಥೆಗಳೇ ಕೇಳಬೇಕು. 1941ರಲ್ಲಿ ಆರಂಭವಾದ ಟಾಟಾ ಸ್ಮಾರಕ ಆಸ್ಪತ್ರೆ 1962ರಿಂದ ಕೇಂದ್ರ ಸರ್ಕಾರದ ಅಣುಶಕ್ತಿ ಇಲಾಖೆಯ ಆಡಳಿತದಲ್ಲಿದೆ. ನಮ್ಮಲ್ಲಿಯೂ 1973ರಲ್ಲಿ ಸ್ಥಾಪನೆಗೊಂಡ ಕಿದ್ವಾಯಿ ಸಂಸ್ಥೆಯಿದೆ. ಇಂಥ ಸಂಸ್ಥೆಗಳಲ್ಲಿ ಸಂಶೋಧನೆಗೆಂದು ಕೊಡುವ ಅನುದಾನವನ್ನು ಖರ್ಚಿನ ಬಾಬ್ತೆಂದು ನೋಡುವ ಆರ್ಥಿಕ ಇಲಾಖೆಯ ಹಳೆಯ ಅಭ್ಯಾಸ (ಅದರಲ್ಲಿ ನಾನೂ ಪಾಲುದಾರ) ಬದಲಾಗಬೇಕು. ಇಂಥ ಒಂದು ಅಧ್ಯಯನ ಸಾವಿರಾರು ಕುಟುಂಬಗಳ ತೋಟ, ಗದ್ದೆ, ಒಡವೆಗಳನ್ನು ಉಳಿಸಬಲ್ಲದು.

ಸಾರ್ವಜನಿಕ ಹಣ ಸರಿಯಾದ ಕಡೆ ಹರಿದರೆ ಫಲ ಸಿಗುತ್ತದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ನಿದರ್ಶನವಿದೆ. 2010ರಲ್ಲಿ ಉತ್ತರ ಕರ್ನಾಟಕದಲ್ಲಿ ಮೊದಲು ಜಾರಿಯಾದ ವಾಜಪೇಯಿ ಆರೋಗ್ಯಶ್ರೀ ಯೋಜನೆಯು ಕ್ಯಾನ್ಸರ್ ಸೇರಿದಂತೆ ದುಬಾರಿ ಚಿಕಿತ್ಸೆಗಳ ವೆಚ್ಚವನ್ನು ಭರಿಸಿತು. ಯೋಜನೆ ಇದ್ದ ಮತ್ತು ಇಲ್ಲದ ಅಕ್ಕಪಕ್ಕದ ಹಳ್ಳಿಗಳ ಬಡ ಕುಟುಂಬಗಳನ್ನು ಹೋಲಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಯೋಜನೆಯ ವ್ಯಾಪ್ತಿಗೆ ಬಂದ ಕಾಯಿಲೆಗಳಿಂದಾದ ಸಾವಿನ ಪ್ರಮಾಣ ಯೋಜನೆ ಇಲ್ಲದ ಕಡೆ ಶೇ 0.90 ಇದ್ದರೆ ಇದ್ದ ಕಡೆ ಶೇ 0.32 ಇತ್ತು. 2018ರಲ್ಲಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಂದು ಬಿಪಿಎಲ್ ಕುಟುಂಬಗಳಿಗೆ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ನೀಡಿತು. ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲಿ ಮೂರು ವರ್ಷದೊಳಗೆ ಕ್ಯಾನ್ಸರ್ ಡೇ ಕೇರ್ ಕೇಂದ್ರಗಳನ್ನು ತೆರೆಯುವುದಾಗಿ 2025ರ ಕೇಂದ್ರ ಬಜೆಟ್ ಘೋಷಿಸಿತು. ಇದು ಸರಿಯಾದ ದಿಕ್ಕು. ಈ ಕೇಂದ್ರಗಳು ಡ್ರಿಪ್ ಹಾಕುವ ಸ್ಥಳಗಳಷ್ಟೇ ಆಗಬಾರದು. ಮಾತ್ರೆಯ ಚಿಕಿತ್ಸೆಯಲ್ಲಿರುವವರ ರಕ್ತ ಪರೀಕ್ಷೆ, ಆಹಾರದ ನಳಿಕೆಯ ನಿರ್ವಹಣೆ, ಹುಣ್ಣಿನ ಶುಶ್ರೂಷೆ, ಎಲ್ಲಕ್ಕಿಂತ ಮಿಗಿಲಾಗಿ ನೋವಿನ ನಿವಾರಣೆ ಅಲ್ಲೇ ಆಗಬೇಕು.

ನೋವಿನ ಮಾತು ಬಂದಾಗ ಮಾರ್ಫಿನ್ ಹೆಸರನ್ನು ಹೇಳಲೇಬೇಕು. ವೈದ್ಯಕೀಯ ಬಳಕೆಗೆ ಅದು ಸುಲಭವಾಗಿ ಸಿಗಲೆಂದೇ ಮಾದಕ ವಸ್ತುಗಳ ಕಾಯ್ದೆಗೆ 2014ರಲ್ಲಿ ತಿದ್ದುಪಡಿ ತರಲಾಯಿತು. ಆದರೂ ನಮ್ಮ ಊರಿನ ಕಡೆ ಆ ಮಾತ್ರೆಗಾಗಿ ಅಣ್ಣನ ಮಗ ಇಡೀ ದಿನ ಅಲೆದದ್ದುಂಟು. ಬೆಂಗಳೂರಿನಲ್ಲಿ ‘ಕರುಣಾಶ್ರಯ’ದಂಥ ಸಂಸ್ಥೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ನೋಡಿಕೊಳ್ಳುತ್ತದೆ. ಅಂಥ ಆರೈಕೆ ತಾಲ್ಲೂಕು ಮಟ್ಟಕ್ಕೂ ತಲುಪಬೇಕು.

<b>ಕೇಳಬೇಕಾದ ಪ್ರಶ್ನೆಗಳು</b>

ಇಂಥ ಸ್ಥಿತಿಯಲ್ಲಿರುವ ಕುಟುಂಬಗಳಿಗೆ ಉಪದೇಶ ಮಾಡುವ ಅರ್ಹತೆ ನನಗಿಲ್ಲ. ನಾನು ಕೇಳದೆ ಬಿಟ್ಟ ಪ್ರಶ್ನೆಗಳನ್ನು ಹೇಳಬಲ್ಲೆ, ಅಷ್ಟೇ. ಈ ಚಿಕಿತ್ಸೆ ಗುಣಪಡಿಸುವುದಕ್ಕೋ, ಬಾಧೆ ತಗ್ಗಿಸುವುದಕ್ಕೋ? ಇದರಿಂದ ಏನು ಸಿಗಬಹುದು, ಏನು ಹೋಗಬಹುದು? ಇದಕ್ಕಿಂತ ಸರಳವಾದ, ಮನೆಯಲ್ಲಿದ್ದು ಪಡೆಯಬಹುದಾದ ದಾರಿ ಇದೆಯೇ? ಎಲ್ಲಕ್ಕಿಂತ ಮೊದಲು ರೋಗಿಯನ್ನೇ ಕೇಳಬೇಕಾದ ಪ್ರಶ್ನೆ: ನಿಮಗೆ ಏನು ಬೇಕು? ಹಿರಿಯರಿಗೆ ಕಾಯಿಲೆಯ ನಿಜಸ್ಥಿತಿಯನ್ನು ಹೇಳದಿರುವುದೇ ಪ್ರೀತಿಯೆಂದು ನಮ್ಮ ಮನೆಗಳಲ್ಲಿ ಭಾವಿಸುತ್ತೇವೆ. ಅಣ್ಣನಿಗೆ ನಿಜ ಗೊತ್ತಿತ್ತು. ಅದು ನಮಗೆ ಗೊತ್ತಿಲ್ಲವೆಂದು ಭಾವಿಸಿ ಅವರು ನಮ್ಮನ್ನು ಕಾಪಾಡುತ್ತಿದ್ದರು.

ಆರನೆಯ ಸುತ್ತಿನ ಮೇಲೂ ಗೆಡ್ಡೆ ಬೆಳೆದಾಗ ಲಕ್ಷಗಳ ಲೆಕ್ಕದ ಹೊಸ ಔಷಧದ ಮಾತು ಬಂದಿತು. ಅಣ್ಣನ ಮಗ ಅರ್ಧ ಎಕರೆ ತೋಟ ಮಾರಲು ಸಿದ್ಧನಾದ. ನಾನೂ ಹೂಂ ಎಂದೆ. ಮಾತು ನಿಂತುಹೋಗಿದ್ದ ಅಣ್ಣ ಅಡಿಕೆ ಮಂಡಿಯವರು ಕೊಟ್ಟ ಡೈರಿಯಲ್ಲಿ ಬರೆದು ತೋರಿಸುತ್ತಿದ್ದರು. ಅಂದು ಬರೆದದ್ದು ಎರಡೇ ಸಾಲು: ‘ತೋಟ ಮಾರಬೇಡಿ. ತಮ್ಮಾ, ನನ್ನನ್ನು ಮನೆಗೆ ಕರೆದುಕೊಂಡು ಹೋಗು.’ ಆ ರಾತ್ರಿಯ ರೈಲಿಗೇ ಹೊರಟೆವು. ಊರಿನ ಮನೆಯ ಜಗಲಿಯಲ್ಲಿ ಒರಗು ಕುರ್ಚಿ ಹಾಕಿಸಿಕೊಂಡು ಕೊನೆಕೊಯ್ಲನ್ನು ನೋಡುತ್ತ ಕುಳಿತಿರುತ್ತಿದ್ದರು. ಆ ಮೂವತ್ತೆಂಟು ದಿನಗಳಲ್ಲಿ ಅವರು ಒಮ್ಮೆಯೂ ಆಸ್ಪತ್ರೆಯ ಹೆಸರೆತ್ತಲಿಲ್ಲ.

ಆ ಡೈರಿ ಈಗ ನನ್ನ ಮೇಜಿನ ಮೇಲಿದೆ, ಒಪ್ಪಿಗೆ ಪತ್ರದ ನಕಲು ಅದರೊಳಗಿದೆ. ಓದುಗರಲ್ಲಿ ಯಾರಿಗಾದರೂ ಅಂಥ ಪತ್ರಕ್ಕೆ ಹತ್ತಿರದ ಸಂಬಂಧಿಯಾಗಿ ಸಹಿ ಹಾಕುವ ದಿನ ಬಂದರೆ, ಉದ್ದೇಶದ ಅಂಕಣದ ಮುಂದಿರುವ ಪದವನ್ನು ದಯವಿಟ್ಟು ಒಮ್ಮೆ ಗಟ್ಟಿಯಾಗಿ ಓದಿ. ಅರ್ಥವಾಗದಿದ್ದರೆ ಕೇಳಿ. ವೈದ್ಯರು ಹೇಳಲು ಆರಂಭಿಸಿದರೆ ಅವರ ಮಾತು ಮುಗಿಯುವವರೆಗೆ ಕೇಳಿಸಿಕೊಳ್ಳಿ.